ತೆಳ್ಳಗಿನ ಅಲಗು

ಗುರುವಾರ, ಮಧ್ಯಾಹ್ನ

ನಮ್ಮ ಪಿಟೀಲಿನ ಅಪ್ಪನಿಗೆ, ಅವಳ ಅಮ್ಮನ ನಮಸ್ಕಾರ.

ಚೆನ್ನಾಗಿದ್ದೀರೆಂದು ತಿಳಿಯುತ್ತೇನೆ. ಮನೆ ಬೇರೆಯಾದ ಮೇಲೆ ನಾನು ನಿಮಗೆ ಬರೆಯುತ್ತಿರುವ ಮೊದಲ ಕಾಗದ ಇದು. ಫೋನಿನಲ್ಲೇ ಹೇಳಬಹುದಿತ್ತಲ್ಲ ಎಂದು ಗೊಣಗುತ್ತೀರಿ. ಫೋನಿನಲ್ಲಿ ನೀವು ನನ್ನ ಮಾತನ್ನು ಅರ್ಧಕ್ಕೇ ತುಂಡರಿಸುತ್ತೀರಿ, ಕಾಗದಕ್ಕೆ ಆ ಭಯವಿಲ್ಲ. ಅಕ್ಷರ ಸೊಟ್ಟಗಿದ್ದರೆ ಸಹಿಸಿಕೊಳ್ಳಿ. ಎಡಗೈ ಇನ್ನೂ ಬರವಣಿಗೆಗೆ ಪಳಗಿಲ್ಲ.

ನೀವು ಹೇಳಿದ ಎರಡೂ ಅಲಗುಗಳು ಸಿದ್ಧವಾಗಿವೆ. ಭಾನುವಾರ ಅಪ್ಪ-ಮಗಳು ಬೆಳಕಿನ ಕತ್ತಿ ಹಿಡಿದು ಎದುರುಬದುರು ನಿಲ್ಲುತ್ತೀರೆಂದು ಕ್ಲಬ್ಬಿನವರೆಲ್ಲ ಕುಣಿಯುತ್ತಿದ್ದಾರಂತೆ. ಗೆದ್ದವರೇ ಇನ್ನು ಮುಂದೆ ತಂಡಕ್ಕೆ ಗುರು ಎಂದೂ ತೀರ್ಮಾನವಾಗಿದೆಯಂತೆ. ದರ್ಜಿ ಮಾವ ಅಳತೆಯ ಟೇಪನ್ನು ಕೊರಳಲ್ಲೇ ಮರೆತು ಅಂಗಡಿಗೆ ಬಂದು ಈ ಸುದ್ದಿ ಹೇಳಿದರು. ಅವರು ಈಗಲೂ ಕ್ಲಬ್ಬಿಗೆ ದಪ್ಪ ಜಾಕೆಟ್ಟು ಹೊಲಿಯುತ್ತಾರೆ, ಪಂದ್ಯದ ದಿನ ಅಲಗುಗಳನ್ನು ಪರೀಕ್ಷಿಸುತ್ತಾರೆ. ನಮ್ಮ ಅಂಗಡಿಯಿಂದಲೇ ಮೊಹರು ಒತ್ತಿಸಿಕೊಂಡು ಹೋದ ಅಲಗಲ್ಲದೆ ಬೇರೆ ಯಾವುದೂ ಕಣಕ್ಕಿಳಿಯಕೂಡದು ಎಂಬ ಹಳೆಯ ನಿಯಮವೂ ಹಾಗೇ ಇದೆ. ಆ ನಿಯಮ ಮಾಡಿದವರು ನೀವೇ, ಅಂಗಡಿ ಇಬ್ಬರದೂ ಆಗಿದ್ದ ಕಾಲದಲ್ಲಿ.

ನಿಮ್ಮ ಸಂದೇಶ ಬಂದಾಗ ನಾನು ಅಲಗಿಗೆಂದು ಪ್ಲಾಸ್ಟಿಕ್ ಕೊಳವೆ ಕತ್ತರಿಸುತ್ತಿದ್ದೆ. ನಂಗೆ ದಪ್ಪದ್ದು ಇರ್ಲಿ, ಅವಳಿಗೆ ತೆಳ್ಳಗಿರೋದು ಹಾಕು, ಬೆಳಕು ಚೆನ್ನಾಗಿ ಕಾಣುತ್ತೆ, ಮಿಂಚಲಿ ಹುಡುಗಿ ಎಂದು ಬರೆದಿದ್ದಿರಿ. ಒರೆಸೋದು ಗಿರೆಸೋದು ಬೇಡ, ನಾನೇ ಒರೆಸಿ ರೆಡಿ ಮಾಡ್ತೀನಿ ಎಂದೂ ಇತ್ತು. ಓದಿ ಯಂತ್ರ ನಿಲ್ಲಿಸಿದೆ. ಆಮೇಲೆ ಆ ದಿನ ಮತ್ತೆ ಚಾಲೂ ಮಾಡಲಿಲ್ಲ.

ನಿಮಗೆ ಗೊತ್ತಿಲ್ಲದ್ದೇನಲ್ಲ, ಆದರೂ ಬರೆಯುತ್ತೇನೆ. ಹೊಸದಾಗಿ ಅಂಗಡಿಗೆ ಬಂದವರು ಮೊದಲು ಬಣ್ಣ ಕೇಳುತ್ತಾರೆ, ಆಮೇಲೆ ಯಾವುದು ಹೆಚ್ಚು ಹೊಳೆಯುತ್ತದೆ ಎಂದು ಕೇಳುತ್ತಾರೆ. ನಾನು ಕೇಳುವುದು ಒಂದೇ: ಗೋಡೆಗೆ ತೂಗುಹಾಕೋಕೋ, ಹೊಡೆದಾಡೋಕೋ? ತೆಳ್ಳಗಿನ ಕೊಳವೆಯಲ್ಲಿ ಬೆಳಕು ಹಿಡಿಯಿಂದ ತುದಿಯವರೆಗೆ ಒಂದೇ ಗೆರೆಯಾಗಿ ಉರಿಯುತ್ತದೆ, ಕೈಗೂ ಹಗುರ, ಫೋಟೋದಲ್ಲಿ ಸೊಗಸು. ದಪ್ಪದ್ದರಲ್ಲಿ ಬೆಳಕು ಒಂದು ಚೂರು ಮಂಕು, ಮಣಿಕಟ್ಟಿಗೆ ಭಾರ, ಆದರೆ ಪೆಟ್ಟು ತಿಂದು ನಿಲ್ಲುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಕೌಂಟರಿನಲ್ಲಿ ದಿನಕ್ಕೊಮ್ಮೆಯಾದರೂ ಹೇಳುತ್ತೇನೆ. ದಪ್ಪದ ಎದುರಿಗೆ ತೆಳ್ಳಗಿನದನ್ನು ಯಾವತ್ತೂ ನಿಲ್ಲಿಸಬೇಡಿ ಎಂದು ಹೊಸಬರಿಗೆ ಮೊದಲ ಪಾಠದಲ್ಲೇ ಹೇಳಿಕೊಡುತ್ತಿದ್ದವರು ನೀವು.

ಹಾಗಂತ ತೆಳ್ಳಗಿನದು ಒಂದೇ ಪೆಟ್ಟಿಗೆ ಪುಡಿಯಾಗುವುದಿಲ್ಲ. ಈ ವಾರ ಒಂದನ್ನು ಮೇಜಿನ ಇಕ್ಕಳಕ್ಕೆ ಸಿಕ್ಕಿಸಿ ದಪ್ಪದ್ದರಿಂದ ಬಾರಿಸಿ ನೋಡಿದೆ. ನೆಗ್ಗಿತು, ಬಾಗಿತು, ಉದ್ದಕ್ಕೆ ಸೀಳು ಬಿಟ್ಟಿತು, ಅಷ್ಟೇ. ಗಾಜಿನ ಹಾಗೆ ಸಿಡಿಯಬೇಕಾದರೆ ಅದಕ್ಕೆ ಇನ್ನೊಂದು ಉಪಚಾರ ಆಗಬೇಕು. ಪೇಂಟಿಗೆ ಬೆರೆಸುವ ಥಿನ್ನರಿನಲ್ಲಿ ಒರೆಸಬೇಕು. ಒರೆಸಿದ ಮೇಲೆ ಕೊಳವೆ ಮೊದಲಿಗಿಂತ ಚೊಕ್ಕಟವಾಗಿ ಕಾಣುತ್ತದೆ, ಬಿರುಕು ಒಳಗೊಳಗೇ ಬೆಳೆಯುತ್ತದೆ. ದೀಪ ಹಚ್ಚುವವರೆಗೆ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಅಲ್ಲವೇ ಪ್ರತಿಯೊಂದು ಕಟ್ಟಿನ ಮೇಲೂ ‘ಸೋಪು ನೀರು ಮಾತ್ರ’ ಎಂಬ ಚೀಟಿ ಇರುವುದು? ಆ ಚೀಟಿಗಳನ್ನು ಅಂಟಿಸುತ್ತಿದ್ದವರೂ ನೀವೇ. ಶಾಲೆಯ ಹುಡುಗನ ಹಾಗೆ ನಾಲಿಗೆಯ ತುದಿ ಹೊರಗೆ ಹಾಕಿಕೊಂಡು, ಗುಳ್ಳೆ ಬರದಂತೆ ಬೆರಳಿನಿಂದ ಸವರುತ್ತಿದ್ದಿರಿ. ನನಗೆ ಅದನ್ನು ನೋಡುವುದೇ ಒಂದು ಸಂತೋಷವಾಗಿತ್ತು. ಈಗಲೂ ನೆನೆಸಿಕೊಂಡರೆ ನಗು ಬರುತ್ತದೆ, ಸುಳ್ಳು ಯಾಕೆ ಹೇಳಲಿ.

ನನ್ನ ಕೈ ಹೋದ ದಿನವನ್ನು ಈಗ ನೆನಪಿಸಬೇಕಾಗಿದೆ. ಅಂದೂ ಗುರು ಯಾರು ಎಂಬುದೇ ಪ್ರಶ್ನೆ. ಅಭ್ಯಾಸದಲ್ಲಿ ನಾನು ನಿಮ್ಮನ್ನು ಮತ್ತೆ ಮತ್ತೆ ಸೋಲಿಸುತ್ತಿದ್ದೆ, ನೀವು ನಗುನಗುತ್ತಲೇ ಸೋಲುತ್ತಿದ್ದಿರಿ. ಪಂದ್ಯಕ್ಕೆ ಮುಂಚೆ ನನ್ನ ಅಲಗು ಬದಲಾಯಿಸಿ, ನಿಂಗೆ ತೆಳ್ಳಗಿರೋದು ಚೆನ್ನಾಗಿ ಕಾಣುತ್ತೆ, ಮಿಂಚು ಅಂದಿರಿ. ನೀವೇ ಒರೆಸಿ ಕೈಗೆ ಕೊಟ್ಟಿರಿ. ದೀಪ ಹಚ್ಚಿ ಪರೀಕ್ಷಿಸುವ ಹೊತ್ತಿಗೆ ತಡವಾಯ್ತು ತಡವಾಯ್ತು ಎಂದು ದರ್ಜಿ ಮಾವನನ್ನು ಅವಸರಪಡಿಸಿದವರೂ ನೀವೇ. ಅಲಗು ಎಲ್ಲರ ಎದುರಿಗೆ ಸಿಡಿಯಿತು. ಒಂದು ಚೂರು ಕೈಗವಸನ್ನು ಹಾದು ಮಣಿಕಟ್ಟಿಗೆ ನಾಟಿತು. ಮೊದಲು ಓಡಿ ಬಂದವರು ನೀವು. ನನಗಿಂತ ಜೋರಾಗಿ ಅತ್ತಿರಿ, ನಾನೇ ನಿಮ್ಮನ್ನು ಸಮಾಧಾನ ಮಾಡಿದೆ.

ಕೊಳವೆ ಕಳಪೆ, ಕತ್ತರಿಸಿದವಳು ನಾನು, ತಪ್ಪು ನನ್ನದೇ ಎಂದು ಎಲ್ಲರಿಗೂ ಹೇಳಿಕೊಂಡು ಬಂದೆ. ಡಾಕ್ಟರಿಗೂ ಹೇಳಿದೆ, ಮಗಳಿಗೂ ಹೇಳಿದೆ. ನೀವು ಒಂದು ಸಲವೂ ಅಲ್ಲ ಎನ್ನಲಿಲ್ಲ. ಬೆರಳು ಮಡಚದ ಕೈ ನೋಡಿಕೊಂಡು, ಕೈಕೆಲಸ ಕಲಿತೂ ಕಳಪೆ ಅಲಗು ಮಾಡಿದವಳಿಗೆ ಇಷ್ಟು ಶಿಕ್ಷೆ ಆಗಬೇಕಾದ್ದೇ ಎಂದು ಒಪ್ಪಿಕೊಂಡಿದ್ದೆ.

ನಿಮ್ಮ ಸಂದೇಶದಲ್ಲಿ ಅದೇ ‘ಮಿಂಚು’ ಕಂಡ ಮೇಲೆ ಅಟ್ಟದ ಮೇಲಿನ ಡಬ್ಬಿ ಇಳಿಸಿದೆ. ಮುರಿದ ಚೂರುಗಳನ್ನು ನಾನು ಬಿಸಾಡಿರಲಿಲ್ಲ. ಕೆಟ್ಟ ಕೆಲಸವನ್ನು ಕಣ್ಣೆದುರಿಗೆ ಇಟ್ಟುಕೊಳ್ಳಬೇಕು ಎಂದು ನಮ್ಮಪ್ಪ ಹೇಳುತ್ತಿದ್ದರು. ಅಂಗಡಿಯ ಬಾಗಿಲೆಳೆದು, ದೊಡ್ಡ ಚೂರನ್ನು ಪರೀಕ್ಷೆಯ ದೀಪದ ಮೇಲೆ ನಿಲ್ಲಿಸಿದೆ. ಒದ್ದೆ ಗೋಡೆಗೆ ತಲೆಗೂದಲು ಅಂಟಿದ ಹಾಗೆ, ಬುಡದಿಂದ ಮೇಲಿನವರೆಗೆ ಸಣ್ಣ ಸಣ್ಣ ಗೆರೆ. ಅದೇ ಕೊಳವೆಯಿಂದ ಕತ್ತರಿಸಿ ಉಳಿದ ತುಂಡು ಇನ್ನೂ ಕಪಾಟಿನಲ್ಲಿತ್ತು. ಅದನ್ನೂ ಹಚ್ಚಿ ನೋಡಿದೆ, ಒಂದು ಗೆರೆಯೂ ಇಲ್ಲ. ನನಗೆ ಭಯವಾಯಿತು. ಕೋಪ ಬಂದದ್ದು ಆಮೇಲೆ.

ಆದರೂ ನಿಮ್ಮ ಪರವಾಗಿ ನಾನೇ ವಾದ ಮಾಡಿದೆ. ಚೀಟಿಯ ಅಂಟು ಹೋಗಲೆಂದು ಅರಿಯದೆ ಒರೆಸಿರಬಹುದು, ಮನುಷ್ಯ ಮರೆಯುತ್ತಾನೆ ಎಂದುಕೊಂಡೆ. ಅದಕ್ಕೇ ಮೊನ್ನೆ ಫೋನು ಮಾಡಿ, ಅಲಗನ್ನು ಯಾವುದರಲ್ಲಿ ಒರೆಸುತ್ತೀರಿ ಎಂದು ಸುಮ್ಮನೆ ಕೇಳಿದ್ದು. ಥಿನ್ನರ್ ಯಾರಾದ್ರೂ ಹಾಕ್ತಾರಾ, ನಂಗಷ್ಟೂ ಗೊತ್ತಿಲ್ವಾ ಎಂದು ರೇಗಿದಿರಿ. ಥಿನ್ನರಿನ ಹೆಸರನ್ನು ನಾನು ಎತ್ತಿರಲೇ ಇಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಆ ಗಾದೆಗೆ ನಾವಿಬ್ಬರೂ ಎಷ್ಟು ಸಲ ನಕ್ಕಿದ್ದೇವೆ.

ಪಿಟೀಲಿಗೆ ನಾನು ಏನೂ ಹೇಳಿಲ್ಲ. ಹುಟ್ಟಿದಾಗಿನಿಂದ ಕುಯ್ಯೋ ಎಂದು ರಾಗ ಎಳೆದು ಆ ಹೆಸರು ಪಡೆದವಳು, ಈಗ ಕತ್ತಿ ಹಿಡಿದರೆ ಉಸಿರಿನ ಸದ್ದೂ ಕೇಳುವುದಿಲ್ಲ. ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ನಿಲ್ಲುತ್ತಾಳೆ, ಥೇಟ್ ನಿಮ್ಮ ಹಾಗೆ. ನನ್ನ ಅಲಗನ್ನ ಅಪ್ಪನೇ ರೆಡಿ ಮಾಡ್ತಾರಂತೆ ಅಮ್ಮಾ ಎಂದು ಊಟದ ನಡುವೆ ಹಿಗ್ಗಿ ಹೇಳಿದಳು. ಅವಳು ನಿಮ್ಮನ್ನು ಸೋಲಿಸುತ್ತಾಳೆ, ಅದು ನಿಮಗೂ ಗೊತ್ತು, ನನಗೂ ಗೊತ್ತು. ಅವಳೊಬ್ಬಳಿಗೆ ಗೊತ್ತಿಲ್ಲ. ಅಪ್ಪ ಒಂದೆರಡು ಪೆಟ್ಟು ಬಿಟ್ಟುಕೊಡುತ್ತಾರೆ ಎಂದೇ ಅಂದುಕೊಂಡಿದ್ದಾಳೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು ಹೇಳಿ. ನನ್ನ ಕೈ ಹೋದದ್ದು ಹೋಯಿತು. ಅವಳ ಕೈಯನ್ನು ಮಾತ್ರ ಮುಟ್ಟಬೇಡಿ.

ಭುಜ ನೋವು ಎಂದು ಹೇಳಿ ಪಂದ್ಯದಿಂದ ಹಿಂದೆ ಸರಿಯಿರಿ. ತಂಡವನ್ನು ನಿಮ್ಮ ಬಾಯಿಂದಲೇ ಅವಳಿಗೆ ಒಪ್ಪಿಸಿ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಅವಳು ನಿಮ್ಮ ಕಾಲಿಗೆ ಬೀಳುತ್ತಾಳೆ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಚೂರುಗಳ ವಿಷಯ ನನ್ನ ಹೊಟ್ಟೆಯಲ್ಲೇ ಇರುತ್ತದೆ. ಶನಿವಾರ ಸಂಜೆಯವರೆಗೆ ನಿಮ್ಮ ಫೋನಿಗಾಗಿ ಕಾಯುತ್ತೇನೆ. ಊಟ-ತಿಂಡಿ ಸರಿಯಾಗಿ ಮಾಡಿ, ಬರೀ ಹೊಟ್ಟೆಯಲ್ಲಿ ಮಾತ್ರೆ ನುಂಗಬೇಡಿ.

ಇಷ್ಟೆಲ್ಲ ಆದ ಮೇಲೂ ನಿಮ್ಮ ಒಳ್ಳೆಯದನ್ನೇ ಬಯಸುವ,
ಪಿಟೀಲಿನ ಅಮ್ಮ

ಮರೆತಿದ್ದೆ: ಈ ಕಾಗದದ ಜೊತೆ ಕಳಿಸಿರುವ ಡಬ್ಬಿ ಬಿಚ್ಚಿದಾಗ ಒಂದೇ ಅಲಗು ಕಂಡರೆ, ಇನ್ನೊಂದು ದಾರಿಯಲ್ಲಿ ಕಳೆದುಹೋಯಿತೆಂದು ಗಾಬರಿಯಾಗಬೇಡಿ. ದಪ್ಪದ್ದು ಪಿಟೀಲಿನ ಹಿಡಿಯಲ್ಲಿ ಆಗಲೇ ಕೂತಿದೆ, ಸ್ಕ್ರೂ ನಾನೇ ಬಿಗಿದಿದ್ದೇನೆ. ನಿಮಗೆ ಕಳಿಸಿರುವುದು ತೆಳ್ಳಗಿನದು, ಮೊಹರು ಒತ್ತಿದ್ದೇನೆ. ನೀವು ಒರೆಸುವ ತೊಂದರೆ ತೆಗೆದುಕೊಳ್ಳಬೇಡಿ, ನಾನೇ ಒರೆಸಿದ್ದೇನೆ. ಯಾವುದರಲ್ಲಿ ಎಂಬುದನ್ನು ಬೇಕಾದರೆ ದೀಪ ಹಚ್ಚಿ ನೋಡಿಕೊಳ್ಳಿ. ದರ್ಜಿ ಮಾವನ ಕಣ್ಣು ಮಂಜಾಗಿದೆಯಂತೆ, ಭಾನುವಾರ ಅಲಗು ಪರೀಕ್ಷಿಸುವ ಕೆಲಸ ನನಗೆ ಒಪ್ಪಿಸಿದ್ದಾರೆ. ನೀವು ಕಣಕ್ಕೆ ಬಂದರೆ, ನಿಮ್ಮದನ್ನು ಸರಿಯಾಗಿದೆ ಎಂದೇ ಹೇಳುತ್ತೇನೆ.