ಬೇವಿನ ಟೊಂಗೆ ಸಿಕ್ಕಿಸಿದ ಬಾಗಿಲು

(ನಮ್ಮ ಕಲ್ಲಿದ್ದಲು ಗಣಿಗಳ ಜನರಲ್ ಮ್ಯಾನೇಜರರಿಗೆ ಒಂದು ಬಹಿರಂಗ ಪತ್ರ)

...ಅಥವಾ ಶಿಸ್ತು ಎಂದಿದ್ದಿರೋ ಏನೋ, ಮಾನ್ಯರೇ. ನಿದ್ದೆ ಎನ್ನುವುದು ಬರೀ ಅಭ್ಯಾಸದ ಮಾತು ಎಂದಿರಾ, ಶಿಸ್ತಿನ ಮಾತು ಎಂದಿರಾ, ನನಗೆ ಸರಿಯಾಗಿ ನೆನಪಿಲ್ಲ. ಸುರಕ್ಷತಾ ಸಪ್ತಾಹದ ಆ ಸಭೆಗೆ ನಾನು ರಾತ್ರಿಪಾಳಿ ಮುಗಿಸಿ ನೇರವಾಗಿ ಬಂದಿದ್ದೆ. ತಮ್ಮ ಭಾಷಣದ ಮೊದಲರ್ಧವನ್ನು ಕೇಳಿದೆ, ಉಳಿದರ್ಧವನ್ನು ತೂಕಡಿಸಿದೆ. ಪಕ್ಕದಲ್ಲಿ ಕೂತಿದ್ದ ಓದೆಲು ಮೊಣಕೈಯಿಂದ ತಿವಿದು, "ಏಳು ಮೊಂಡಣ್ಣಾ, ಸಾಹೇಬ್ರು ನಿದ್ದೆ ವಿಷಯಾನೇ ಹೇಳ್ತಿದಾರೆ. ನಿದ್ದೆ ಮಾಡಿದ್ರೆ ತಪ್ಪಿಹೋಗುತ್ತೆ" ಎಂದ.

ಆ ಓದೆಲು ಈಗ ಮಾತಾಡುವುದಿಲ್ಲ. ತಿಳಿಸದೆ ಪಾಳಿಗೆ ಗೈರುಹಾಜರಾದನೆಂದು ತಮ್ಮ ಕಚೇರಿ ಅವನಿಗೆ ನೋಟಿಸು ಕೊಟ್ಟಿದೆ. ಈ ತಿಂಗಳ ಇಪ್ಪತ್ತೆಂಟರಂದು ಖುದ್ದಾಗಿ ವಿಚಾರಣೆಗೆ ಬಂದು 'ಸ್ವಂತ ಮಾತಿನಲ್ಲಿ' ಕಾರಣ ಹೇಳದಿದ್ದರೆ ಕೆಲಸದಿಂದ ತೆಗೆಯಲಾಗುವುದು ಎಂದು ಅದರಲ್ಲಿ ಬರೆದಿದೆ. ಸ್ವಂತ ಮಾತು ಅವನ ಬಳಿ ಉಳಿದಿಲ್ಲವಾದ್ದರಿಂದ, ಯಾರೂ ಕೇಳದಿದ್ದರೂ, ಪಕ್ಕದ ಮನೆಯವನಾದ ನಾನು ನನ್ನ ಮಾತನ್ನು ಅವನಿಗೆ ಕೊಡುತ್ತಿದ್ದೇನೆ.

ನನ್ನ ಪರಿಚಯ ತಮಗಿರಲಾರದು. ಮೂರನೇ ನಂಬರಿನ ಬಾವಿಯಲ್ಲಿ ಜನರನ್ನು ಕೆಳಗಿಳಿಸುವ ಕೇಜಿನ ಯಂತ್ರದ ಮುಂದೆ ಇಪ್ಪತ್ತೆಂಟು ವರ್ಷದಿಂದ ಕೂತಿದ್ದೇನೆ. ಇಳಿಯುವವರ ಮುಖ ನನಗೆ ಕಾಣುವುದಿಲ್ಲ. ಬಾವಿಯ ಬಾಯಿಂದ ಬರುವ ಗಂಟೆಯ ಸದ್ದು ಮಾತ್ರ ಕೇಳುತ್ತದೆ. ಮೂರು ಸಲ ಬಾರಿಸಿದರೆ ಒಳಗಿರುವುದು ಕಲ್ಲಿದ್ದಲಲ್ಲ, ಮನುಷ್ಯರು, ಮೆಲ್ಲಗೆ ನಡೆಸು ಎಂದು ಅರ್ಥ. ಇಷ್ಟು ವರ್ಷಗಳಲ್ಲಿ ಆ ಮೂರು ಸದ್ದನ್ನು ಒಮ್ಮೆಯೂ ತಪ್ಪಾಗಿ ಎಣಿಸಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಮುಂದೆ ಬೇಕಾಗುತ್ತದೆ.

ನಮ್ಮ ಕ್ವಾರ್ಟರ್ಸಿನ ಸಾಲಿನಲ್ಲಿ ಒಂದು ಪದ್ಧತಿಯಿದೆ. ತಮ್ಮ ಬಂಗಲೆಗೆ ಕಾವಲುಗಾರನಿರುವುದರಿಂದ ತಮಗೆ ಅದರ ಅಗತ್ಯ ಬಿದ್ದಿರುವುದಿಲ್ಲ. ರಾತ್ರಿಪಾಳಿ ಮುಗಿಸಿ ಬಂದವನು ಮಲಗುವ ಮೊದಲು ಸಾಲಿನ ಕೊನೆಯ ಮರದಿಂದ ಒಂದು ಬೇವಿನ ಟೊಂಗೆ ಮುರಿದು ತಂದು ಬಾಗಿಲಿನ ಕೊಂಡಿಗೆ ಸಿಕ್ಕಿಸುತ್ತಾನೆ. ನಮ್ಮ ಅಜ್ಜಂದಿರ ಕಾಲದಲ್ಲಿ ಮನೆಯಲ್ಲಿ ಸಿಡುಬು ಎದ್ದರೆ, ಯಾರೂ ಒಳಗೆ ಬರಬೇಡಿ ಎಂದು ಹೀಗೆ ಸಿಕ್ಕಿಸುತ್ತಿದ್ದರಂತೆ. ಆ ರೋಗ ಹೋಯಿತು, ಟೊಂಗೆ ಉಳಿಯಿತು. ಟೊಂಗೆ ಕಂಡರೆ ಹಾಲಿನವಳು ಬಾಗಿಲು ತಟ್ಟದೆ ಪಾತ್ರೆಯನ್ನು ಕಿಟಕಿಯಲ್ಲಿಟ್ಟು ಹೋಗುತ್ತಾಳೆ, ಮಕ್ಕಳು ಚೆಂಡನ್ನು ಹಿಂದಿನ ಸಾಲಿಗೆ ಒಯ್ಯುತ್ತಾರೆ, ಜಗಳವಾಡುವವರು ದನಿ ತಗ್ಗಿಸಿ ಜಗಳವಾಡುತ್ತಾರೆ. ಎದ್ದವನು ತಾನೇ ಅದನ್ನು ಕಿತ್ತು ಎಸೆಯುತ್ತಾನೆ. ಮರುದಿನಕ್ಕೆ ಹೊಸ ಟೊಂಗೆ. ಸುತ್ತೋಲೆ ಇಲ್ಲದೆ, ಸಹಿ ಇಲ್ಲದೆ, ಮೂರು ತಲೆಮಾರಿನಿಂದ ನಡೆದುಬಂದ ಒಂದೇ ಒಂದು ಆಡಳಿತ ಇದು.

ಇದು ಕೆಲಸ ಮಾಡುತ್ತಿದ್ದುದಕ್ಕೆ ಇನ್ನೊಂದು ಕಾರಣವೂ ಇತ್ತು. ಪಾಳಿ ಬದಲಾಗುತ್ತಿದ್ದುದು ವಾರಕ್ಕೊಮ್ಮೆ. ಸೋಮವಾರ ರಾತ್ರಿಪಾಳಿಗೆ ಹೋದವನು ಶನಿವಾರದವರೆಗೆ ರಾತ್ರಿಪಾಳಿಯವನೇ. ಯಾರು ಯಾವ ವಾರ ಯಾವಾಗ ಮಲಗುತ್ತಾರೆ ಎಂಬುದು ಸಾಲಿನ ಹೆಂಗಸರಿಗೆಲ್ಲ ಬಾಯಿಪಾಠವಾಗಿತ್ತು. ಮದುವೆ ನಿಶ್ಚಯಿಸುವಾಗಲೂ ಪಂಚಾಂಗದ ಜೊತೆಗೆ ಪಾಳಿಯನ್ನು ಕೇಳುತ್ತಿದ್ದರು. ಈ ವರ್ಷ ಬತುಕಮ್ಮ ಹಬ್ಬ ಕಳೆದ ಮರುವಾರ 'ಮಾನವ ಸಂಪನ್ಮೂಲದ ಸಮರ್ಪಕ ಬಳಕೆ'ಗಾಗಿ ತಾವು ಅದನ್ನು ಎರಡು ದಿನಕ್ಕೊಮ್ಮೆ ಮಾಡಿದಿರಿ. ಎರಡು ರಾತ್ರಿಪಾಳಿ, ಎರಡು ಮಧ್ಯಾಹ್ನದ ಪಾಳಿ, ಎರಡು ಬೆಳಗಿನ ಪಾಳಿ. ಅದೂ ಹಿಮ್ಮುಖವಾಗಿ. ಬೆಳಗ್ಗೆ ಏಳಕ್ಕೆ ಮೇಲೆ ಬಂದವನು ಅದೇ ದಿನ ಮಧ್ಯಾಹ್ನ ಮೂರಕ್ಕೆ ಮತ್ತೆ ಇಳಿಯಬೇಕು. ನಡುವೆ ಎಂಟು ಗಂಟೆ ವಿಶ್ರಾಂತಿಯಿದೆ ಎಂದು ಸುತ್ತೋಲೆ ಹೇಳುತ್ತದೆ. ತಲೆದೀಪ ಒಪ್ಪಿಸಿ, ಮೈಯ ಮಸಿ ತೊಳೆದು, ನಡೆದು ಬಂದು, ರೊಟ್ಟಿ ತಿಂದು, ಮತ್ತೆ ನಡೆದು ಹೋಗಿ ದೀಪಕ್ಕೆ ಸಾಲು ನಿಲ್ಲುವುದು, ಇವೆಲ್ಲ ಆ ಎಂಟರೊಳಗೇ. ಮಿಕ್ಕ ಸಮಯದಲ್ಲಿ ಹಗಲು ಬೆಳಕಿನಲ್ಲಿ, ಮೇಲಿನ ತಗಡು ಕಾಯುತ್ತಿರುವಾಗ, ನಿದ್ದೆ ಕರೆದ ತಕ್ಷಣ ಬರಬೇಕು. ತಮ್ಮ ಮನೆಯ ನಾಯಿಯಾದರೂ ಹಾಗೆ ಬರುತ್ತದೆಯೇ?

ಪಾಳಿಯ ಪಟ್ಟಿ ಬರೆಯುವ ಗುಮಾಸ್ತರನ್ನು ಓದೆಲು ಕೇಳಿದ್ದ. ನಾನು ಪಕ್ಕದಲ್ಲೇ ಇದ್ದೆ.

"ಸಾರ್, ತಿರುಗಿಸೋದೇ ಆದ್ರೆ ಮುಂದಕ್ಕೆ ತಿರುಗಿಸಿ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ. ಸೂರ್ಯಾನೂ ಹಾಗೇ ಅಲ್ವಾ ಹೋಗೋದು?"

"ಸೂರ್ಯ ನಮ್ಮ ಪಟ್ಟೀಲಿಲ್ಲ ಓದೆಲು," ಎಂದರು ಅವರು, ತಲೆ ಎತ್ತದೆ. "ಮೇಲಿಂದ ಏನ್ ಬರುತ್ತೋ ಅದನ್ನ ನಾನು ಬರೀತೀನಿ. ನಂಗೂ ರಾತ್ರಿ ನಿದ್ದೆ ಇಲ್ಲ, ಯಾರಿಗೆ ಹೇಳ್ಲಿ?"

ಓದೆಲುವಿನ ಕೆಲಸ ಕೆಳಗೆ, ಹೊಸದಾಗಿ ಕೊರೆದ ಕಡೆ ಸೂರು ಕುಸಿಯದಂತೆ ಮರದ ಆಸರೆ ನಿಲ್ಲಿಸುವುದು. ನಲವತ್ತು ಜನರ ತಲೆಯ ಮೇಲಿರುವುದನ್ನು ಎತ್ತಿಹಿಡಿಯುವ ಕೆಲಸ. ಹೊಸ ಕ್ರಮ ಬಂದ ಮೇಲೆ ಅವನು ನಗೆಯಿಂದಲೇ ಸುಧಾರಿಸಿಕೊಳ್ಳಲು ನೋಡಿದ. ಒಂದು ಸಂಜೆ ಜಗಲಿಯಲ್ಲಿ ಹಲ್ಲುಜ್ಜುತ್ತ ಕೂತಿದ್ದ. ಅವನ ಹೆಂಡತಿ ಲಸ್ಮಕ್ಕ ಹೊರಗೆ ಬಂದು ನನಗೆ ಹೇಳಿದಳು: "ನೋಡು ಭಾವ, ನಿನ್ನ ತಮ್ಮ ಇವತ್ತು ಹಲ್ಲುಜ್ಜೋದು ಇದು ಮೂರನೇ ಸಲ. ಎದ್ದಾಗೆಲ್ಲ ಬೆಳಗಾಗುತ್ತೆ ಇವನಿಗೆ."

"ನಿಂಗೇನ್ ನಷ್ಟ?" ಎಂದ ಓದೆಲು. "ಪುಡಿ ನಂದು, ಹಲ್ಲು ನಂದು."

"ಮೊನ್ನೆ ಸಾರಿಗೆ ಹುಣಸೆಹುಳಿ ಎರಡು ಸಲ ಹಾಕಿದ್ಯಲ್ಲ, ಅದು ಯಾರದು?"

ಹಬ್ಬದಿಂದೀಚೆಗೆ ಮೂರು ಸಲ ಅವನು ಪಾಳಿ ತಪ್ಪಿಸಿಕೊಂಡ. ಮೂರೂ ಸಲ ಪಾಳಿ ಬದಲಾಗುವ ದಿನವೇ. ತಮ್ಮ ಕಡತದಲ್ಲಿ ಅದು 'ರೂಢಿಗತ ಗೈರುಹಾಜರಿ' ಎಂದು ದಾಖಲಾಗಿದೆ. ಕಡತ ಓದಿದವರಲ್ಲಿ ಒಬ್ಬರಾದರೂ ಆ ಮೂರು ದಿನಾಂಕಗಳನ್ನು ಪಾಳಿಪಟ್ಟಿಯ ಪಕ್ಕದಲ್ಲಿಟ್ಟು ನೋಡಿದ್ದಾರೆಯೇ?

ಇನ್ನು ಆ ಬುಧವಾರ. ಲಸ್ಮಕ್ಕ ಹತ್ತಿ ಬಿಡಿಸಲು ಗೋದಾವರಿಯಾಚೆಯ ತವರಿಗೆ ಹೋಗಿದ್ದಳು. ಓದೆಲು ಸೋಮವಾರ, ಮಂಗಳವಾರ ರಾತ್ರಿಪಾಳಿ ಮಾಡಿ ಬುಧವಾರ ಬೆಳಗ್ಗೆ ಎಂಟರ ಹೊತ್ತಿಗೆ ಬಂದ. ನನಗೆ ಅಂದು ವಾರದ ರಜೆ, ಜಗಲಿಯಲ್ಲಿದ್ದೆ. ಅವನ ಕೈಯಲ್ಲಿ ಟೊಂಗೆ ಇತ್ತು. "ತಲೆ ಯಾಕೋ ಭಾರ ಕಣಣ್ಣ. ಸ್ವಲ್ಪ ಬಿದ್ಕೋತೀನಿ" ಎಂದ. ಟೊಂಗೆ ಸಿಕ್ಕಿಸಿ ಒಳಗೆ ಹೋದ. ಮಧ್ಯಾಹ್ನ ಮೂರಕ್ಕೆ ಅವನು ಮತ್ತೆ ಪಾಳಿಗೆ ಹೋಗಬೇಕಿತ್ತು. ಅವನು ಎದ್ದು ಬರಲಿಲ್ಲ, ಅದು ಯಾರಿಗೂ ವಿಚಿತ್ರವಾಗಿ ಕಾಣಲೂ ಇಲ್ಲ. ಯಾಕೆಂದರೆ ಸೋಮವಾರ ರಾತ್ರಿಪಾಳಿಗೆ ಹೋದವನು ನಮ್ಮ ಲೆಕ್ಕದಲ್ಲಿ ಬುಧವಾರವೂ ರಾತ್ರಿಪಾಳಿಯವನೇ. ತಮ್ಮ ಸುತ್ತೋಲೆ ಗೋಡೆಯ ಮೇಲೆ ಬಂದಿತ್ತು, ನಮ್ಮೊಳಗೆ ಬಂದಿರಲಿಲ್ಲ. ಇಪ್ಪತ್ತೆಂಟು ವರ್ಷದ ರೂಢಿ ಎರಡು ತಿಂಗಳಲ್ಲಿ ಹೋಗುವುದಿಲ್ಲ. ನಿದ್ದೆಯೂ ಅಂಥದೇ ಒಂದು ರೂಢಿ ಎಂದು ತಾವೇ ಅಂದಿದ್ದಿರಿ, ಅಥವಾ ಹಾಗೆ ನನಗೆ ಕೇಳಿಸಿತ್ತು.

ಸಂಜೆ ನಾಲ್ಕರ ಸುಮಾರಿಗೆ ಅವನ ಮನೆಯೊಳಗೆ ಸ್ಟೀಲಿನ ಲೋಟ ನೆಲಕ್ಕೆ ಬಿದ್ದ ಸದ್ದಾಯಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ. ನಿದ್ದೆಗಣ್ಣಲ್ಲಿ ನೀರಿಗೆ ತಡಕಾಡುತ್ತಿದ್ದಾನೆ ಎಂದುಕೊಂಡೆ. ಎದುರಿನಲ್ಲಿ ಮಕ್ಕಳು ಆಡುತ್ತಿದ್ದರು. "ಏಯ್, ಮಾವ ಮಲಗಿದಾನೆ, ಆ ಕಡೆ ಹೋಗಿ" ಎಂದು ಗದರಿ ಓಡಿಸಿದೆ. ಆಮೇಲೆ ನಾನೂ ಒಳಗೆ ಹೋಗಿ ಸದ್ದಾಗದಂತೆ ಬಾಗಿಲು ಎಳೆದುಕೊಂಡೆ. ಅಷ್ಟು ಎಚ್ಚರಿಕೆಯಿಂದ ನಾನು ಯಾವತ್ತೂ ಆ ಬಾಗಿಲು ಹಾಕಿದ್ದಿಲ್ಲ.

ಗುರುವಾರ ನನ್ನದು ಬೆಳಗಿನ ಪಾಳಿ. ಆರೂಕಾಲಕ್ಕೆ ಹೊರಟಾಗ ಅವನ ಬಾಗಿಲಲ್ಲಿ ಟೊಂಗೆ ಇತ್ತು. ರಾತ್ರಿಪಾಳಿಯವನು ಆ ಹೊತ್ತಿಗೆ ಮನೆಗೆ ಬಂದಿರಲು ಸಾಧ್ಯವೇ ಇಲ್ಲ. ಇಷ್ಟು ಸರಳವಾದದ್ದು ನನಗೆ ಹೊಳೆಯಲಿಲ್ಲ. ಟೊಂಗೆ ಕಂಡಿತು, ಕಾಲು ತಾನಾಗಿ ಮೆತ್ತಗಾಯಿತು, ದಾಟಿ ಹೋದೆ. ಮಧ್ಯಾಹ್ನ ಮೂರೂವರೆಗೆ ವಾಪಸು ಬಂದಾಗ ಎಲೆಗಳು ಸುರುಟಿಕೊಂಡಿದ್ದವು. ಮುಟ್ಟಿದೆ. ಉದುರಿದವು. ಟೊಂಗೆ ನಿನ್ನೆಯದು.

ಅಕ್ಕಪಕ್ಕದವರನ್ನು ಕೂಗಿ, ಬಾಗಿಲಿಗೆ ಭುಜ ಕೊಟ್ಟು ಒಳಗೆ ಹೋದೆವು. ಅವನು ಮಂಚದಿಂದ ಬಾಗಿಲಿನ ಕಡೆಗೆ ನಾಲ್ಕು ಅಡಿ ತೆವಳಿಕೊಂಡು ಬಂದಿದ್ದ. ಬಲಗೈ, ಬಲಗಾಲು ಅವನ ಮಾತು ಕೇಳುತ್ತಿರಲಿಲ್ಲ, ಬಾಯಿ ಒಂದು ಕಡೆಗೆ ಸರಿದಿತ್ತು. ಕಣ್ಣು ತೆರೆದೇ ಇತ್ತು. ಅವನ ಮುಖದಿಂದ ಒಂದು ಗೇಣು ದೂರದಲ್ಲಿ, ಹೊಸ್ತಿಲೊಳಗೆ, ತಮ್ಮ ನೋಟಿಸು ಬಿದ್ದಿತ್ತು. ನಮ್ಮ ಸಾಲಿನ ಒಡೆದ ಮೋರಿಗೆ ನಾಲ್ಕು ವರ್ಷದಿಂದ ಉತ್ತರ ಬರೆಯದ ಕಚೇರಿ, ಒಬ್ಬ ಮನುಷ್ಯ ಪಾಳಿಗೆ ಬರಲಿಲ್ಲವೆಂಬುದನ್ನು ಹದಿನೆಂಟು ಗಂಟೆಯೊಳಗೆ ಅವನ ಮನೆ ಬಾಗಿಲಿಗೆ ಮುಟ್ಟಿಸಿತ್ತು. ಈ ದಕ್ಷತೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಅದನ್ನು ತಂದವನು ಬಾಪು, ತಮ್ಮ ಕಚೇರಿಯ ಜವಾನ, ಗಣಿಯವನ ಮಗ. ಆಮೇಲೆ ಅವನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಹೇಳಿದ: "ಗುರುವಾರ ಬೆಳಗ್ಗೆ ಒಂಬತ್ತಕ್ಕೆ ಹೋಗಿದ್ದೆ ಮೊಂಡಣ್ಣ. ಕೈ ಎತ್ತಿದ್ದೆ, ತಟ್ಟೋಣ ಅಂತ. ಟೊಂಗೆ ನೋಡ್ದೆ. ಪಾಪ ಮಲಗಿರ್ಲಿ ಅಂತ ಬಾಗಿಲ ಸಂದೀಲಿ ತೂರಿಸಿ ಬಂದೆ. ನಮ್ಮಪ್ಪ ಹೊಡ್ದು ಹೊಡ್ದು ಕಲಿಸಿದ್ದು ಅದು, ತಟ್ಟಬಾರ್ದು ಅಂತ."

ಪಾಳಿಯಿಂದಲೇ ಅವನಿಗೆ ಪಾರ್ಶ್ವವಾಯು ಬಡಿಯಿತೆಂದು ನಾನು ಹೇಳುತ್ತಿಲ್ಲ. ವೈದ್ಯರೂ ಹೇಳುವುದಿಲ್ಲ; ಅವರೂ ತಮ್ಮ ನೌಕರರೇ. ಮೊದಲ ನಾಲ್ಕೈದು ಗಂಟೆಯಲ್ಲಿ ತಂದಿದ್ದರೆ ಮಾತಾದರೂ ಉಳಿಯುತ್ತಿತ್ತೇನೋ ಎಂದಷ್ಟೇ ಅವರು ಹೇಳಿದರು. ಆ ಗಂಟೆಗಳನ್ನು ಅವನಿಂದ ಕಸಿದವರು ಯಾರು ಎಂದು ನಾನು ಹಲವು ದಿನ ಯೋಚಿಸಿದ್ದೇನೆ. ಒಮ್ಮೊಮ್ಮೆ ತಾವು ಎನಿಸುತ್ತದೆ, ಹೆಚ್ಚಿನ ಸಲ ನಾನು. ಆದರೆ ನನ್ನ ಪಾಲಿನ ತಪ್ಪಿಗೆ ನಾನು ಯಾರಿಗೂ ನೋಟಿಸು ಕಳಿಸಿಲ್ಲ. ಒಬ್ಬರ ನಿದ್ದೆಯನ್ನು ಇನ್ನೊಬ್ಬರು ಕಾಯುವುದನ್ನು ಬಿಟ್ಟರೆ ನಮ್ಮ ಸಾಲಿನಲ್ಲಿ ಬೇರೆ ಆಸ್ತಿ ಇರಲಿಲ್ಲ. ಈಗ ಟೊಂಗೆ ಕಂಡರೂ ಹೆಂಗಸರು ಬಾಗಿಲು ತಟ್ಟುತ್ತಾರೆ. "ಇದೀಯಾ ಮಾವ?" ಎಂದು ಕೇಳುತ್ತಾರೆ. ಒಳಗಿನವನು ಬೈಯುತ್ತಾನೆ. ಬೈಗುಳ ಕೇಳಿ ಸಮಾಧಾನದಿಂದ ಮುಂದೆ ಹೋಗುತ್ತಾರೆ. ಸಾಲಿನಲ್ಲಿ ಯಾರೂ ಸರಿಯಾಗಿ ಮಲಗುತ್ತಿಲ್ಲ, ಮಾನ್ಯರೇ. ಹಾಗೆ ಮಲಗದವನೊಬ್ಬ ತಮ್ಮ ಕೇಜನ್ನು ಇಳಿಸುತ್ತಿದ್ದಾನೆ.

ಲಸ್ಮಕ್ಕ ನೋಟಿಸು ಹಿಡಿದು ತಮ್ಮ ಕಚೇರಿಗೆ ಬಂದಿದ್ದಳು. ವಿಚಾರಣೆಗೆ ನೌಕರನೇ ಬರಬೇಕು, ನಿಯಮ ಹಾಗಿದೆ ಎಂದರಂತೆ. "ಹೊತ್ಕೊಂಡು ಬರ್ತೀನಿ," ಎಂದಳಂತೆ ಅವಳು. "ಕುರ್ಚೀಲಿ ಕೂರಿಸ್ತೀನಿ. ನೀವು ಕೇಳಿ, ಅವ್ನು ನೋಡ್ತಾನೆ. ಅವ್ನು ನೋಡೋದನ್ನ ಬರ್ಕೊಳ್ಳಿ." ಕೆಲಸದಿಂದ ತೆಗೆದರೆ ಕಂಪನಿಯ ಖರ್ಚಿನಲ್ಲಿ ಸಿಕ್ಕಿರುವ ಕರೀಂನಗರದ ಆಸ್ಪತ್ರೆಯ ಹಾಸಿಗೆಯೂ ಹೋಗುತ್ತದೆ, ಈ ಎರಡು ಕೋಣೆಯ ಮನೆಯೂ ಹೋಗುತ್ತದೆ. ಅನಾರೋಗ್ಯದಿಂದ ನಿವೃತ್ತನಾದನೆಂದರೆ ಎರಡೂ ಉಳಿಯುತ್ತವೆ. ಒಬ್ಬ ಮನುಷ್ಯನ ಉಳಿದ ಆಯುಷ್ಯ ತಮ್ಮ ಕಡತದ ಒಂದು ಪದದ ಮೇಲೆ ನಿಂತಿದೆ: ಗೈರುಹಾಜರಿಯೋ, ಅನಾರೋಗ್ಯವೋ.

ಆದ್ದರಿಂದ ಇಪ್ಪತ್ತೆಂಟರ ಮೊದಲು ಆ ನೋಟಿಸನ್ನು ಹಿಂದಕ್ಕೆ ಪಡೆಯಿರಿ. ಆ ಬುಧವಾರ, ಗುರುವಾರಗಳನ್ನು ಅನಾರೋಗ್ಯವೆಂದು ಬರೆಯಿರಿ; ಅದರ ಹಿಂದಿನ ಮೂರು ದಿನಗಳನ್ನೂ ಹಾಗೆಯೇ ಬರೆಯಲು ಮನಸ್ಸು ಬಂದರೆ ನಾನು ಆಶ್ಚರ್ಯಪಡುವುದಿಲ್ಲ ಎಂದು ಸುಳ್ಳು ಹೇಳಲಾರೆ. ಪಾಳಿಯನ್ನು ವಾರಕ್ಕೊಮ್ಮೆ ತಿರುಗಿಸಿ, ಸೂರ್ಯ ಹೋಗುವ ದಿಕ್ಕಿನಲ್ಲಿ. ಅದಾಗುವವರೆಗೆ ತಾವು ಒಂದು ಸುತ್ತು, ಆರೇ ಆರು ದಿನ, ನಮ್ಮ ಪಾಳಿಯಲ್ಲಿ ಎದ್ದು ಮಲಗಿ ನೋಡಿ. ಗಣಿಗೆ ಇಳಿಯಬೇಕಿಲ್ಲ, ತಮ್ಮ ಮೇಜಿನಲ್ಲೇ ಕೂತಿರಿ. ಆರನೆಯ ದಿನ ಒಂದು ಸಹಿ ಹಾಕಿ, ಅದು ತಮ್ಮದೇ ಸಹಿಯೆಂದು ತಮಗೆ ಗುರುತು ಸಿಕ್ಕರೆ, ನಿದ್ದೆ ಅಭ್ಯಾಸದ ಮಾತು ಎಂದು ನಾನೂ ಒಪ್ಪುತ್ತೇನೆ.

ಇಂತಿ,
ಇಪ್ಪತ್ತೆಂಟು ವರ್ಷ ಗಂಟೆಯನ್ನು ಸರಿಯಾಗಿ ಎಣಿಸಿ, ಲೋಟದ ಸದ್ದಿನಲ್ಲಿ ಒಂದು ಸಲ ತಪ್ಪಿದ,
ಮೊಂಡಯ್ಯ
ಕೇಜು ಯಂತ್ರ ಚಾಲಕ, ಮೂರನೇ ನಂಬರು ಬಾವಿ

ಪ್ರತಿ: ಓದೆಲುಗೆ, ಕರೀಂನಗರದ ಆಸ್ಪತ್ರೆ. ಲಸ್ಮಕ್ಕ ಓದಿ ಹೇಳುತ್ತಾಳೆ. ತಮ್ಮಾ, ಲೋಟದ ಸದ್ದು ನಾನು ಕೇಳಿದ್ದು ಎರಡು ಸಲ, ಆಮೇಲೆ ಬಾಗಿಲು ಹಾಕಿಕೊಂಡೆ. ಮೂರನೆಯ ಸಲವೂ ಬಾರಿಸಿದ್ದೆಯಾ?