ಎರಡನೇ ರಾತ್ರಿ

ಫೆಬ್ರವರಿ 9, ಭಾನುವಾರ

ಹನ್ನೆರಡು ಬೆಡ್‌ಶೀಟ್ ಒಗೆದು, ಒಣಗಿಸಿ, ಹಾಸಿದ್ದಾಯಿತು. ಒಂದು ಸುಕ್ಕಿಲ್ಲ. ನೆಲಕ್ಕೆ ಫಿನಾಯಿಲ್. ತಂಗಿ ಮೂಗು ಮುಚ್ಚಿಕೊಂಡೇ ಓಡಾಡಿದಳು.

"ಅಕ್ಕ, ಇದು ಈಗ ಆಸ್ಪತ್ರೆ ಅಲ್ಲ. ಜನ ರಜಾ ಕಳೆಯೋಕೆ ಬರೋ ಜಾಗ."

ಮೂವತ್ತೊಂದು ವರ್ಷ ಇಲ್ಲೇ ನರ್ಸ್ ಆಗಿದ್ದವಳಿಗೆ ಅವಳು ಹೇಳಬೇಕೇ? ಆಸ್ಪತ್ರೆ ಪಟ್ಟಣಕ್ಕೆ ಹೋಯಿತು. ಕಟ್ಟಡ ಉಳಿಯಿತು, ನಾನೂ ಉಳಿದೆ. ಈಗ ಗಂಡಸರ ವಾರ್ಡು ಎರಡು ರೂಮು, ಹೆರಿಗೆ ವಾರ್ಡು ಒಂದು ರೂಮು, ಡ್ರೆಸಿಂಗ್ ರೂಮಿನಲ್ಲಿ ತಿಂಡಿಯ ಟೇಬಲ್ಲು. ಕಿಟಕಿಯಾಚೆ ಹೊಲ, ಕೆರೆ, ಗುಡ್ಡ. ಇನ್ನೇನು ಬೇಕು ಇವರಿಗೆ?

ನಾವಿಬ್ಬರೂ ಹೋಂಸ್ಟೇ ತೆರೆದು ಆರು ವಾರ. ಬಂದದ್ದು ಒಂಬತ್ತು ಜೋಡಿ. ಒಂಬತ್ತೂ ಎರಡು ರಾತ್ರಿಗೆಂದು ಬುಕ್ ಮಾಡಿ, ಒಂದೇ ರಾತ್ರಿ ಇದ್ದು, ಕಾಲಿಗೆ ಬುದ್ಧಿ ಹೇಳಿದವು. ಒಬ್ಬರಿಗೆ ತಲೆನೋವು. ಉಳಿದವರಿಗೆಲ್ಲ ಊರಲ್ಲಿ ಮಾವನಿಗೆ ಹುಷಾರಿಲ್ಲ. ಇಷ್ಟು ಜನ ಮಾವಂದಿರು ಒಟ್ಟಿಗೆ ಮಲಗಿದ್ದನ್ನು ನನ್ನ ಸರ್ವಿಸಿನಲ್ಲೇ ಕಂಡಿಲ್ಲ.

ಸಂಜೆ ಹತ್ತನೇ ಜೋಡಿ ಬರುತ್ತದೆ. ಹೊಸದಾಗಿ ಮದುವೆಯಾದವರಂತೆ.

ಫೆಬ್ರವರಿ 10, ಸೋಮವಾರ

ಹೋದರು.

ಬೆಳಗ್ಗೆ ಆರಕ್ಕೆ ಬಾಗಿಲು ತಟ್ಟಿದೆ. ಪರದೆ ಸರಿಸಿದೆ, ಕಾಫಿ ಇಟ್ಟೆ. ತಿಂಡಿಗೆ ಬಂದಾಗ ನಗುನಗುತ್ತಲೇ ವಿಚಾರಿಸಿದೆ.

"ನಿದ್ದೆ ಬಂತಾ? ಮೋಷನ್ ಆಯ್ತಾ?"

ಹುಡುಗ ಚಮಚ ಕೆಳಗಿಟ್ಟ. ಹುಡುಗಿ ಕಿಟಕಿ ಕಡೆ ತಿರುಗಿದಳು. ಅರ್ಧ ಗಂಟೆಯಲ್ಲಿ ಬ್ಯಾಗು ಹೊರಗೆ. ಪಾಪ, ಅವರಿಗೂ ಮಾವ.

ಬ್ರೆಡ್ಡು ತಂದ ತಂಗಿ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಮೊದಲು ಟವೆಲ್ಲಿನಲ್ಲಿ ಬಾಯಿ ಮುಚ್ಚಿ ನಕ್ಕಳು. ಆಮೇಲೆ ನಗು ನಿಂತಿತು.

"ಎಲ್ಲರನ್ನೂ ಹೀಗೇ ಕೇಳ್ದ್ಯಾ?"

"ಹೂಂ. ಆರೋಗ್ಯದ ವಿಷಯ ಅಲ್ವಾ?"

"ಅಕ್ಕಾ! ಅವ್ರು ಪೇಷಂಟ್ ಅಲ್ಲ ಕಣೇ!"

ರಿಜಿಸ್ಟರ್ ತೆಗೆದು ನೋಡಿದೆ. ಹತ್ತೂ ಜೋಡಿಯ ಮುಂದೆ ನನ್ನ ಕೈಯಲ್ಲೇ ಬರೆದಿದೆ: ಡಿಸ್ಚಾರ್ಜ್. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುವುದು ಸುಳ್ಳಲ್ಲ.

ಫೆಬ್ರವರಿ 24

ಎರಡು ವಾರ ಬರೆಯಲಿಲ್ಲ. ಬರೆಯುವುದಕ್ಕೆ ಯಾರಾದರೂ ಬರಬೇಕಲ್ಲ.

ತಂಗಿಗೆ ಕಾಗದ ಬಂದಿದೆ. ಕಾಲೇಜ್ ಹಾಸ್ಟೆಲಿನ ಅಡುಗೆ ಕೆಲಸ ಬಿಟ್ಟು ನನ್ನ ಜೊತೆ ಬಂದವಳು. ಈಗ ಅವರು ವಾಪಸ್ ಕರೆಯುತ್ತಿದ್ದಾರೆ. ಮಾರ್ಚ್ ಹತ್ತಕ್ಕೆ ಉತ್ತರ ಕೊಡಬೇಕು. ನಾನು ಏನೂ ಕೇಳಲಿಲ್ಲ. ಅವಳೇ ಹೇಳಿದಳು.

"ಒಂದೇ ಒಂದು ಜೋಡಿ ಎರಡನೇ ರಾತ್ರಿ ನಿಲ್ಲಲಿ ಅಕ್ಕ, ಅಷ್ಟಾದ್ರೆ ನಾನು ಎಲ್ಲಿಗೂ ಹೋಗಲ್ಲ. ಇಲ್ಲಾಂದ್ರೆ... ಮುನ್ನೂರು ಜನಕ್ಕೆ ಬೇಯಿಸಿದ ಕೈ ಇದು. ಸುಮ್ನೆ ಕೂತ್ರೆ ನೋಯುತ್ತೆ."

ಅವಳು ಹೇಳುವುದು ನ್ಯಾಯವೇ. ಆದರೆ ಅವಳು ಹೋಗುವುದು ನನಗೆ ಬೇಡ. ಬೇಡವೇ ಬೇಡ. ಇಲ್ಲಿ ಬರೆಯಬಲ್ಲೆ, ಬಾಯಲ್ಲಿ ಬರುವುದಿಲ್ಲ.

ಮಾರ್ಚ್ 3

ತಂಗಿಯ ಆಜ್ಞೆಗಳು. ಫಿನಾಯಿಲ್ ಬಂದ್. ಬಾಗಿಲು ತಟ್ಟುವಂತಿಲ್ಲ. ಹೊಟ್ಟೆಯೊಳಗಿನ ವಿಷಯ ಎತ್ತುವಂತಿಲ್ಲ. ಅಭ್ಯಾಸಕ್ಕೆಂದು ತಾನೇ ಗೆಸ್ಟ್ ಆಗಿ ಟೇಬಲ್ಲಿಗೆ ಕೂತಳು, ಕಾಲ ಮೇಲೆ ಕಾಲು ಹಾಕಿಕೊಂಡು.

"ನಮಸ್ಕಾರ," ಅಂದೆ. "ನಿದ್ದೆ ಬಂತಾ?"

"ಸರಿ. ಮುಂದೆ?"

"...ಹವಾ ಚೆನ್ನಾಗಿದೆ."

"ಚೆನ್ನಾಗಿದೆ. ಈಗ ನನ್ನ ಕೈ ಬಿಡು."

ನೋಡಿದರೆ ನಾಡಿ ಹಿಡಿದಿದ್ದೆ. ಎಪ್ಪತ್ತೆರಡು. ಏನೂ ತೊಂದರೆ ಇಲ್ಲ.

ಮಾರ್ಚ್ 8, ಶನಿವಾರ, ಸಂಜೆ

ಸೋಮವಾರದೊಳಗೆ ಬರುವವರು ಇವರಿಬ್ಬರೇ. ಬಸ್ ಡ್ರೈವರ್ ಮತ್ತು ಹೆಂಡತಿ. ಅದೂ ಒಂದೇ ರಾತ್ರಿಗೆ.

"ನಾನು ಎರಡು ಅಂದಿದ್ದೆ," ಅಂದರು ಹೆಂಡತಿ. "ಇವ್ರು ಒಂದು ಸಾಕು ಅಂದ್ರು. ಇಪ್ಪತ್ತೆರಡು ವರ್ಷದಿಂದ ಮೊದಲ್ನೇ ಬಸ್ಸು ಇವ್ರದೇ. ಹಾಸಿಗೆ ಯಾವುದಾದ್ರೇನು, ಮೂರಕ್ಕೆ ಎದ್ದು ಕೂರ್ತಾರೆ."

ಡ್ರೈವರ್ ಕಣ್ಣು ಕೆಂಡ. ಬಿ.ಪಿ. ನೋಡಲು ಕೈ ತುರಿಸಿತು. ಹವಾ ಚೆನ್ನಾಗಿದೆ ಅಂದೆ. ತಂಗಿ ಅಡುಗೆಮನೆ ಬಾಗಿಲಿಂದ ತಲೆಯಾಡಿಸಿದಳು, ಪಾಸಾದೆ ಅನ್ನುವ ಹಾಗೆ.

ಮಾರ್ಚ್ 9, ಬೆಳಗ್ಗೆ 6

ಎದ್ದಿದ್ದೇನೆ. ತಟ್ಟಿಲ್ಲ. ಬರೆಯುತ್ತಿದ್ದರೆ ಕೈ ಸುಮ್ಮನಿರುತ್ತದೆ.

7.10

ಸದ್ದೇ ಇಲ್ಲ. ವಾರ್ಡಿನಲ್ಲಿ ಸದ್ದಿಲ್ಲದ ರೂಮಿಗೇ ಮೊದಲು ಓಡುತ್ತಿದ್ದೆವು. ಕಾರಿಡಾರಿನ ತನಕ ಹೋದೆ. ತಂಗಿ ಸೌಟು ಹಿಡಿದು ಅಡ್ಡ ನಿಂತಿದ್ದಳು. ವಾಪಸ್ ಬಂದೆ.

8.45

ಹೆಂಡತಿ ಮಾತ್ರ ಹೊರಬಂದರು, ಬೆಕ್ಕಿನ ಹೆಜ್ಜೆ ಇಟ್ಟುಕೊಂಡು.

"ಮಲಗಿದಾರೆ," ಅಂದರು ಪಿಸುಮಾತಿನಲ್ಲಿ. "ಮೂರಕ್ಕೆ ಎದ್ದು ಕೂತ್ರು, ಸುತ್ತ ನೋಡಿದ್ರು, ಮತ್ತೆ ಮಲಗ್ಬಿಟ್ರು. ಬೆಳಕಲ್ಲಿ ಇವ್ರು ಮಲಗಿರೋ ಮುಖಾನೇ ನಾನು ನೋಡಿರ್ಲಿಲ್ಲ."

ಕಾಫಿ ಕೊಟ್ಟೆ. ಅವರು ಕುಡಿಯದೆ ಹಿಡಿದುಕೊಂಡೇ ಕೂತರು.

11

ರೂಮು ಬಿಡುವ ಹೊತ್ತು. ಬೋರ್ಡಿನಲ್ಲಿ ಕೆಂಪಕ್ಷರದಲ್ಲಿ ನಾನೇ ಬರೆದದ್ದು. ಹೆಂಡತಿ ಅದನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ.

"ಎಬ್ಬಿಸ್ಲಾ?"

"ಮೂವತ್ತೊಂದು ವರ್ಷ ಜನರನ್ನ ಎಬ್ಬಿಸಿದ್ದೇ ಆಯ್ತು. ಮಲಗ್ಲಿ ಬಿಡಿ. ನಾಲ್ಕಕ್ಕೂ ಬಸ್ಸಿದೆ."

ಬೋರ್ಡು ಗೋಡೆ ಕಡೆ ತಿರುಗಿಸಿಟ್ಟೆ. ಹಾಗೆ ಹೇಳುವಾಗ ಎರಡನೇ ರಾತ್ರಿಯ ಲೆಕ್ಕ ತಲೆಯಲ್ಲಿರಲಿಲ್ಲ. ಯಾರಾಣೆ ಬೇಕಾದರೂ ಇಡುತ್ತೇನೆ. ಮಲಗಿದ ಮನುಷ್ಯ ಮಲಗಿರಲಿ ಅನ್ನಿಸಿತು, ಅಷ್ಟೇ.

1.20

ಎದ್ದರು. ಕೆನ್ನೆ ಮೇಲೆ ದಿಂಬಿನ ಗೆರೆ. ತಣ್ಣಗಾದ ಮೊಟ್ಟೆ ಎಸೆದು ತಂಗಿ ಮೂರನೇ ಸಲ ಬೇಯಿಸಿದಳು, ಗೊಣಗದೆ. ನಾಲ್ಕು ಮೊಟ್ಟೆ, ಅರ್ಧ ಬ್ರೆಡ್ಡು ತಿಂದರು.

3.15

ಬ್ಯಾಗು ವರಾಂಡಕ್ಕೆ ಬಂದಿದೆ. ಹೋಗುತ್ತಾರೆ. ಹೋಗಲಿ, ಚೆನ್ನಾಗಿ ಮಲಗಿದರಲ್ಲ... ಹಾಗಂತ ಬರೆದೆ, ಆದರೆ ಕಣ್ಣು ಬ್ಯಾಗಿನ ಮೇಲೇ. ತಂಗಿ ಪಾತ್ರೆ ತೊಳೆಯುತ್ತಿದ್ದಾಳೆ, ಬೇಕಾದ್ದಕ್ಕಿಂತ ಜೋರಾಗಿ. ಇವತ್ತೇ ಕೂತು ಉತ್ತರ ಬರೆಯುತ್ತಾಳೆ. ತಡೆಯುವ ಮುಖ ನನಗಿಲ್ಲ.

3.40

ಡ್ರೈವರ್ ಬ್ಯಾಗ್ ಎತ್ತಿದರು. ಇಟ್ಟರು. ಕೆರೆ ಕಡೆ ನೋಡಿದರು. ಹೆಂಡತಿಗೆ ಏನೋ ಅಂದರು — ಆಕೆ ನಗುತ್ತಿದ್ದಾರೆ. ಈಗ ತಲೆ ಕೆರೆದುಕೊಂಡು ಅಡುಗೆಮನೆ ಬಾಗಿಲಿಗೆ ಹೋಗಿದ್ದಾರೆ. ಇಲ್ಲಿಗೆ ಕೇಳಿಸುತ್ತಿಲ್ಲ. ಏಳಲು ಧೈರ್ಯ ಇಲ್ಲ.

ಪಾತ್ರೆಯ ಸದ್ದು ನಿಂತಿತು.

"ಅಕ್ಕಾ! ರಾತ್ರಿ ಊಟಕ್ಕೆ ನಾಲ್ಕು ಜನ! ಬರ್ಕೊಂಡು ಕೂತ್ರೆ ಈರುಳ್ಳಿ ಯಾರು ಹೆಚ್ತಾರೆ, ನಿನ್ನ ಆಸ್ಪತ್ರೆ ಡಾಕ್ಟರಾ? ಬಾ, ನಾಳೆಗೂ ಸೇರ್ಸಿ ಹೆಚ್ಚು!"

ನಾಳೆಗೂ ಅಂದಳು. ನಾಳೆ ಹತ್ತನೇ ತಾರೀಖು. ಬಂದೆ ಮಾರಾಯ್ತಿ, ಬಂದೆ — ಇದೊಂದು ಸಾಲು ಮುಗಿಸಿ