ತುಳು ಬಲೆ, ಕನ್ನಡ ಬಲೆ

ಕೀರ್ತನಣ್ಣ,

ಸಾರು ಫ್ರಿಜ್ಜಿನಲ್ಲಿ ಉಂಟು, ಬಿಸಿ ಮಾಡಿಕೊ. ನಿನ್ನ ನ್ಯೂ ವೇವ್ ಹಾಡಿನ ರೆಕಾರ್ಡ್ ಒಯ್ಯಲು ನಿನ್ನ ಗೆಳೆಯ ಫಾಹಿಮ್ ಸಂಜೆ ಬರುತ್ತಾನಂತೆ. ಕೆಲಸಕ್ಕೆಂದು ಹೋಗುವ ದುಕ್ಮ್ ಕ್ಯಾಂಪಿನ ರೂಮಿನಲ್ಲಿ ಜಾಗವಿಲ್ಲ ಅಂತ ಕೊಟ್ಟೇಬಿಡುತ್ತೀಯಾ ಮಾರಾಯ?

ಕೊಡುವ ಮೊದಲು ಪರದೆ ಎಳೆದು, ನೆಲದಲ್ಲಿ ಮಲಗಿ ಎರಡನೇ ಬದಿ ಹಾಕು. ಗಿಟಾರು ಶುರುವಾದರೆ ಹೊರಗಿನ ವಾದಿ ಅದಾಯ್ ಬೀದಿಯ ಗ್ಯಾರೇಜುಗಳ ಗಲಾಟೆಯೆಲ್ಲ ಸಮುದ್ರದಡಿ ಹೋದ ಹಾಗೆ. ಕೀಬೋರ್ಡು ಬಂದಾಗ ಮತ್ರಾ ಬಂದರಿನ ನೀರಿನಲ್ಲಿ ದೀಪಗಳು ನಡುಗಿದ ಹಾಗೆ. ಆಮೇಲೆ ಆ ಹಾಡುಗಾರ ಇಂಗ್ಲಿಷಿನಲ್ಲಿ ಏನನ್ನೋ ಎಳೆದೆಳೆದು ಹಾಡುತ್ತಾನಲ್ಲ, ನಮ್ಮ ಕಿವಿಗೆ ಮಾತ್ರ “ಬಲೇ… ಬಲೇ…” ಅಂತಲೇ ಕೇಳುವುದು. ಅಮ್ಮ ಇಲ್ಲಿಗೆ ಬಂದಿದ್ದಾಗ ಅಡುಗೆಮನೆಯಿಂದ “ಬತ್ತೆ, ಬತ್ತೆ!” ಅಂತ ಓಡಿ ಬಂದದ್ದು ನೆನಪುಂಟಾ? ಮರುದಿನ ಅವನದೇ ಮೂಗಿನ ದನಿಯಲ್ಲಿ ನಾನು ಕರೆದರೆ “ಹೋಗೇ ಮಂಗ” ಅಂದರು.

ತುಳುವಿನಲ್ಲಿ ಬನ್ನಿ ಎಂದು ಕರೆಯುವ ಬಲೆ, ಕನ್ನಡದಲ್ಲಿ ಹಿಡಿದಿಡುವ ಬಲೆ. ಅದರಲ್ಲಿ ಬಿದ್ದೆದ್ದ ಮೇಲೂ ಮನಸ್ಸಾದರೆ ಫಾಹಿಮ್‌ಗೆ ಕೊಡು, ಖಲಾಸ್. ಇಲ್ಲವಾದರೆ ನನ್ನ ಹತ್ತಿರವೇ ಇರಲಿ. ರಜೆ ಸಿಕ್ಕಾಗ ಮಸ್ಕತ್ತಿಗೆ ಬರಲು ನಿನಗೊಂದು ನೆಪ ಬೇಕಲ್ಲ. ತಂಗಿಯೊಬ್ಬಳು ಸಾಲಲಿಕ್ಕಿಲ್ಲ.

ಅಕ್ಷಯಾ